ಇದ್ದೀರಾ ಎಂದು ಕೇಳಿದ ಪಾಠ

ಫೆಬ್ರವರಿ 9

ಲಟಿಕೆ,

ಇದನ್ನು ಓದುತ್ತಿದ್ದೀಯೋ, ಇಲ್ಲಾ ಇದನ್ನೂ ಮೇಜಿನ ಮೇಲೆ ತೆರೆದಿಟ್ಟು ಪಕ್ಕದ ಕೋಣೆಗೆ ಹೋಗಿದ್ದೀಯೋ? ಹೋಗಿದ್ದರೆ ವಾಪಸ್ಸು ಬಾ. ಕೂತು ಓದು. ನಾಲ್ಕನೇ ತರಗತಿಗೇ ಸ್ಲೇಟು ಕಸಿದುಕೊಂಡವರ ಮನೆಯ ಹುಡುಗಿ ನಾನು, ಒಂದೊಂದು ಅಕ್ಷರವನ್ನೂ ಕೈ ಹಿಡಿದು ನಡೆಸಿಕೊಂಡು ಬಂದು ಈ ಹಾಳೆಯ ಮೇಲೆ ಕೂರಿಸಿದ್ದೇನೆ. ನಿಂತುಕೊಂಡು ಓದುವುದಕ್ಕೆ ನೀನೇನು ಬಸ್ಸಿಗೆ ಕಾಯುತ್ತಿಲ್ಲ.

ನಿನ್ನ ಮನೆಯಿಂದ ಬಂದು ಹದಿನೇಳು ದಿನವಾಯಿತು. ಮುದುಕಿ ತಲುಪಿದಳಾ, ದಾರಿಯಲ್ಲೇ ಉದುರಿದಳಾ ಎಂದು ಕೇಳಿ ಒಂದು ಗೆರೆ ಇಲ್ಲ. ಕಿವಿ ಕೇಳದವಳಿಗೆ ಫೋನು ಮಾಡಿ ಏನು ಫಲ ಅನ್ನುತ್ತೀಯ. ಒಪ್ಪಿದೆ. ಅಂಚೆಯವನಿಗೂ ಕಿವಿ ಕೇಳುವುದಿಲ್ಲವೇ?

ನಿನ್ನ ಸರ್ಟಿಫಿಕೇಟು ಬಂತೇ? ಮಂಡಳಿಯವರು ಲೈಸೆನ್ಸು ಮುಂದುವರಿಸಿದರೇ? ಬರದಿದ್ದರೆ ನನಗೆ ಹೇಳು, ನಾನೇ ಬಂದು ಜಗಳ ಆಡುತ್ತೇನೆ. ಲೈಸೆನ್ಸಿಗೆ ನೋಡಲೇಬೇಕಾದ ಆ ಪಾಠಕ್ಕೆ ನಿನ್ನ ಬದಲು ಹನ್ನೆರಡು ಗಂಟೆ ಕೂತವಳು ನಾನು. ಮೂರು ಮಧ್ಯಾಹ್ನ, ನಾಲ್ಕು ನಾಲ್ಕು ಗಂಟೆ, ನಿನ್ನ ಊಟದ ಮೇಜಿನ ಮೇಲಿನ ಕಂಪ್ಯೂಟರಿನ ಮುಂದೆ. "ಅಜ್ಜಿ, ಸ್ವಲ್ಪ ಇಲ್ಲೇ ಕೂತಿರು. ಪರದೆ ಮೇಲೆ 'ಇದ್ದೀರಾ?' ಅಂತ ಬಂದ್ರೆ ಇದನ್ನ ಒತ್ತು, ಅಷ್ಟೇ," ಎಂದು ಹೇಳಿ ನೀನು ಮುಂದಿನ ಕೋಣೆಗೆ, ನಿನ್ನ ಪೇಷೆಂಟುಗಳ ಬೆನ್ನು ಮುರಿಯಲು ಹೋದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಅದು "ಇದ್ದೀರಾ?" ಎಂದು ಕೇಳುತ್ತಿತ್ತು. "ಇದ್ದೀನಪ್ಪ, ಎಲ್ಲಿ ಹೋಗ್ಲಿ," ಎಂದು ಒತ್ತುತ್ತಿದ್ದೆ. ನಿನ್ನ ತಾತ ಐವತ್ತು ವರ್ಷದಲ್ಲಿ ಅಷ್ಟು ಸಲ ಕೇಳಿರಲಿಲ್ಲ.

ನಾನು ನಿದ್ದೆ ಹೋಗದಿರಲಿ ಎಂದು ಪರದೆಯ ಕೆಳಗೆ ಅಕ್ಷರ ಓಡುವ ಹಾಗೆ ಮಾಡಿಕೊಟ್ಟೆಯಲ್ಲ, ಅದು ನಿನ್ನ ತಪ್ಪು. ಬೆರಳಿಟ್ಟು ಬೆರಳಿಟ್ಟು ಓದಿಬಿಟ್ಟೆ. ಇಡೀ ದೇಹ, ನರಮಂಡಲ, ಅದರ ಆರೋಗ್ಯ. ಮೇಷ್ಟ್ರು ಚೆನ್ನಾಗಿ ಹೇಳುತ್ತಿದ್ದ, ಹಸಿರು ಕೋಟಿನವನು. ಅರ್ಥವಾದದ್ದನ್ನು ನಿನ್ನ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿಗೆ ಬರೆದುಕೊಂಡೆ. ಆ ಹಾಳೆಗಳು ಎಲ್ಲಿ ಹೋದವೋ. ನಿನ್ನ ಮನೆಯಲ್ಲಿದ್ದರೆ ಎತ್ತಿಡು.

ಇನ್ನೊಂದು ವಿಷಯ. ಪಕ್ಕದ ಮನೆಯ ದರ್ಜಿ ಕತ್ತು ನೋವು ಎಂದು ಎರಡು ತಿಂಗಳಿಂದ ನರಳುತ್ತಿದ್ದಾನೆ. ನಿನ್ನ ಮೊದಲ ಬಿಳಿ ಕೋಟು ಹೊಲಿದವನು ಅವನೇ, ಮರೆತಿಲ್ಲ ತಾನೇ? ನನ್ನ ಮೊಮ್ಮಗಳ ಹತ್ತಿರ ಹೋಗು ಎಂದೆ. ಮೂರು ವರ್ಷದವಳಿದ್ದಾಗ ಮನೆಗೆ ಬಂದವರ ಬೆರಳೆಲ್ಲ ಹಿಡಿದು ಲಟಿಕೆ ಮುರಿಯುತ್ತಿದ್ದಳು, ಈಗ ಬೆನ್ನು, ಕತ್ತಿನ ಲಟಿಕೆ ಮುರಿದು ನೋವು ತೆಗೆಯುವುದಕ್ಕೇ ಬೋರ್ಡು ಹಾಕಿಕೊಂಡು ಕೂತಿದ್ದಾಳೆ ಎಂದೆ. ಇಪ್ಪತ್ತೊಂದನೇ ತಾರೀಖು ಶನಿವಾರ ಬರುತ್ತಾನೆ. ಚೆನ್ನಾಗಿ ನೋಡು.

ಬರೆಯದಿದ್ದರೂ ಬೈಯುವ,
ನಿನ್ನ ಅಜ್ಜಿ

ಮಾರ್ಚ್ 1

ಲಟಿಕೆ,

ನಿನ್ನ ಕಾರ್ಡು ಬಂತು. "ಸರ್ಟಿಫಿಕೇಟು ಬಂದಿದೆ, ಕೆಲಸ ಜಾಸ್ತಿ, ಚೆನ್ನಾಗಿದ್ದೇನೆ." ಐದು ಪದ. ಟೆಲಿಗ್ರಾಮಿನ ಕಾಲದಲ್ಲೂ ಜನ ಇದಕ್ಕಿಂತ ಹೆಚ್ಚು ಬರೆಯುತ್ತಿದ್ದರು.

ದರ್ಜಿ ನಿನ್ನಲ್ಲಿಗೆ ಬಂದು ಹೋದನಂತೆ. ಬಸ್ಸು ಇಳಿದವನು ಸೀದಾ ನನ್ನ ಬಾಗಿಲಿಗೆ ಬಂದ. "ಅಕ್ಕಾ, ನಿಮ್ಮ ಮೊಮ್ಮಗಳದ್ದು ಕೈಯಲ್ಲ ಅಕ್ಕಾ! ಕತ್ತನ್ನ ಹಿಂಗೆ ಹಿಡಿದ್ಲು, ಲಟಕ್ ಅಂತು, ಅರ್ಧ ನೋವು ಅಲ್ಲೇ ಬಿಟ್ಟು ಬಂದೆ," ಎಂದು ಸ್ಲೇಟಿನ ಮೇಲೆ ಬರೆಯಲು ಹೋದ. ನಾನು ಕೇಳದವಳೆಂದು ಅವನು ಯಾವಾಗಲೂ ಬರೆದೇ ಮಾತಾಡುವುದು. ಬರೆಯಲಾರದೆ ಕಡೆಗೆ ಬಾಯಿಯನ್ನೇ ದೊಡ್ಡದು ಮಾಡಿ ಹೇಳಿದ, ತುಟಿ ನೋಡಿ ತಿಳಿದುಕೊಂಡೆ. ನನಗೆ ಹೆಮ್ಮೆಯೇ ಆಯಿತು, ಸುಳ್ಳೇಕೆ ಹೇಳಲಿ.

ಆದರೆ ಆ ಮನುಷ್ಯನಿಗೆ ಏನೋ ಆಗಿದೆ. ನನ್ನ ರವಿಕೆಯ ಎರಡು ತೋಳು ಎರಡು ಅಳತೆ ಹೊಲಿದಿದ್ದಾನೆ. ಒಂದನ್ನು ಹಾಕಿಕೊಂಡರೆ ಇನ್ನೊಂದು ಬರುವುದಿಲ್ಲ. ಸೂಜಿಗೆ ದಾರ ಪೋಣಿಸುವುದಕ್ಕೆ ನನ್ನನ್ನು ಕರೆಯುತ್ತಾನೆ. ಎಪ್ಪತ್ತೆಂಟು ವರ್ಷದವಳನ್ನು! ಕಣ್ಣು ಮಂಜು ಎಂದು ಹೊಸ ಕನ್ನಡಕ ಮಾಡಿಸಿದ. ಕನ್ನಡಕ ಬಂದ ಮೇಲೂ ದಾರ ಒಳಗೆ ಹೋಗುತ್ತಿಲ್ಲ. ನಿನ್ನೆ ತನ್ನ ಅಂಗಿಯ ಗುಂಡಿಗಳನ್ನೇ ಒಂದು ತೂತು ಮೇಲೆ ಕೆಳಗೆ ಹಾಕಿಕೊಂಡು ಬಂದಿದ್ದ. "ಊರಿಗೆಲ್ಲ ಕಾಜ ಹೊಲಿಯೋನೇ, ನಿನ್ನ ಗುಂಡಿ ನೋಡ್ಕೋ," ಎಂದು ಎಲ್ಲರ ಮುಂದೆ ನಗಾಡಿದೆ. ಅವನೂ ನಕ್ಕ. ಸರಿಮಾಡಿಕೊಳ್ಳಲು ಹೋದ. ಆಗಲಿಲ್ಲ. ನಗುತ್ತಲೇ ಹಾಗೇ ಬಿಟ್ಟು ಹೋದ.

ಅವನು ಹೋದ ಮೇಲೆ ನನಗೆ ನಗು ಬರಲಿಲ್ಲ. ಗುಂಡಿಯ ವಿಷಯ ಎಲ್ಲೋ ಓದಿದ್ದೇನೆ. ಆ ಪಾಠದಲ್ಲಿ ಗುಂಡಿಯ ಬಗ್ಗೆ ಏನಾದರೂ ಇತ್ತೇ? ನೋಡಿ ಬರೆ. ನನ್ನ ಹಾಳೆಗಳನ್ನು ಹುಡುಕು.

ನಿನ್ನ ಅಜ್ಜಿ

ಮಾರ್ಚ್ 14

ಲಟಿಕೆ,

ಹಾಳೆ ಸಿಕ್ಕಿತು. ನಿನ್ನ ಮನೆಯಲ್ಲಿರಲಿಲ್ಲ, ನನ್ನ ಚೀಲದ ತಳದಲ್ಲಿ, ಚಪ್ಪಲಿ ಸುತ್ತಿದ ಕಾಗದವಾಗಿತ್ತು. ನನ್ನ ವಿದ್ಯೆಗೆ ನಾನೇ ಕೊಟ್ಟ ಮರ್ಯಾದೆ.

ಈಗ ಗಮನವಿಟ್ಟು ಓದು. ಮೂರನೇ ಮಧ್ಯಾಹ್ನ ಬರೆದುಕೊಂಡದ್ದನ್ನು ಹಾಗೇ ಇಳಿಸುತ್ತೇನೆ.

"ಕತ್ತಿನ ಒಳಗೆ ನರದ ಹಗ್ಗ. ಅದು ಒತ್ತಿಕೊಂಡರೆ ನೋವು ಕಮ್ಮಿ ಇರಬಹುದು. ಕೈ ಹೇಳುತ್ತೆ, ಕಾಲು ಹೇಳುತ್ತೆ. ಗುಂಡಿ ಹಾಕಲು ಆಗಲ್ಲ. ಅಕ್ಷರ ಕೆಡುತ್ತೆ. ಹಾಸಿಗೆ ಮೇಲೆ ನಡೆದ ಹಾಗೆ ನಡಿಗೆ. ವಯಸ್ಸು ಅಂತ ಬಿಡಬೇಡಿ. ಮುಷ್ಟಿ ಬಿಚ್ಚಿ ಮುಚ್ಚಲು ಹೇಳಿ, ಹತ್ತು ಎಣಿಸುವಷ್ಟರಲ್ಲಿ ಇಪ್ಪತ್ತು ಸಲ ಆಗಬೇಕು. ಇಂಥವರ ಕತ್ತು ತಿರುಗಿಸಬೇಡಿ. ಮೊದಲು ಆಸ್ಪತ್ರೆಗೆ ಕಳಿಸಿ."

ಕೊನೆಯ ಎರಡು ಗೆರೆಯ ಕೆಳಗೆ ನಾನೇ ಗೀಟು ಎಳೆದಿದ್ದೇನೆ. ಮೇಷ್ಟ್ರು ಅದನ್ನು ಎರಡು ಸಲ ಹೇಳಿದ್ದ.

ನಿನ್ನೆ ದರ್ಜಿಯನ್ನು ಕರೆದು ಕಟ್ಟೆಯ ಮೇಲೆ ಕೂರಿಸಿಕೊಂಡೆ. "ಬಾ ತಮ್ಮಾ, ಒಂದು ಆಟ ಆಡೋಣ, ಯಾರು ಜಾಸ್ತಿ ಮುಷ್ಟಿ ಬಿಚ್ತಾರೆ ನೋಡೋಣ," ಎಂದೆ. ಎದುರು ಮನೆಯವಳು ಎಣಿಸಿದಳು. ಈ ಗಂಟು ಗಂಟು ಬೆರಳಿನಲ್ಲಿ ನಾನು ಹತ್ತೊಂಬತ್ತು. ಅವನು ಒಂಬತ್ತು. ಒಂಬತ್ತು ಕಣೇ. ಬೆರಳು ಬಿಚ್ಚಿಕೊಳ್ಳಬೇಕೋ ಬೇಡವೋ ಎಂದು ಯೋಚನೆ ಮಾಡಿ ಬಿಚ್ಚುತ್ತಿದ್ದವು. "ಮುದುಕಿ ಕೈಲಿ ಸೋತ್ನಲ್ಲಪ್ಪಾ," ಎಂದು ಅವನು ನಕ್ಕ.

ಏಳನೇ ತಾರೀಖಿಗೂ ಅವನು ನಿನ್ನ ಹತ್ತಿರ ಬಂದಿದ್ದ. ಎರಡು ಸಲ ಆ ಕತ್ತನ್ನು ತಿರುಗಿಸಿದ್ದೀಯ. ಮತ್ತೆ ಇಪ್ಪತ್ತೊಂದಕ್ಕೆ ಬರುತ್ತಾನೆ. ಇದು ಅದಕ್ಕೆ ಮೊದಲು ತಲುಪುತ್ತದೆ. ಮುಟ್ಟಬೇಡ. ನನ್ನ ಓದು ತಪ್ಪಿದ್ದರೆ ಆಮೇಲೆ ಜನ್ಮಪೂರ್ತಿ ನಗು, ನಾನು ಬಾಯಿ ಮುಚ್ಚಿಕೊಂಡು ಕೇಳುತ್ತೇನೆ. ಈಗ ಮುಟ್ಟಬೇಡ.

ಅಜ್ಜಿ

ಮಾರ್ಚ್ 24

ಲಟಿಕೆ,

"ಅಜ್ಜಿ, ನೀನು ನಾಲ್ಕು ಹಾಳೆ ಓದಿ ಡಾಕ್ಟರಾಗಬೇಡ. ಅವರಿಗೆ ಅರವತ್ತಮೂರು, ದಿನವಿಡೀ ಬಗ್ಗಿ ಹೊಲಿಯುತ್ತಾರೆ. ಮೊದಲ ದಿನದ ಫಾರಂನಲ್ಲಿ ಎಲ್ಲ ಸರಿಯಿದೆ. ನೋವು ಕಮ್ಮಿಯಾಗುತ್ತಿದೆ ಎಂದು ಅವರೇ ಹೇಳುತ್ತಿದ್ದಾರೆ."

ಇದು ನಿನ್ನ ಉತ್ತರ. ಸರಿ. ಆ ಫಾರಂ ತೆಗೆ. ಕೈಯಲ್ಲಿ ಶಕ್ತಿ ಇದೆಯೇ ಎಂಬಲ್ಲಿ ಗುರುತು ಹಾಕಿದವರು ಯಾರು? ನೀನು ಅವನ ಕೈ ಹಿಡಿದು ನೋಡಿದೆಯಾ, ಇಲ್ಲಾ ಅವನೇ "ಎಲ್ಲ ಸರಿ" ಎಂದು ಗೀಚಿದನಾ? ಅವನು ಹಾಗೇ ಗೀಚುತ್ತಾನೆ. ಲಟಿಕೆಗೆ ತೊಂದರೆ ಕೊಡಬಾರದು ಎಂದು ಸತ್ತರೂ ಸರಿ ಎಂದೇ ಬರೆಯುತ್ತಾನೆ.

ನಿನ್ನ ಮುಂದೆ ಅವನು ಹದಿನೈದು ನಿಮಿಷ ಬೋರಲು ಮಲಗಿರುತ್ತಾನೆ, ಮುಖ ಆ ಬೆಂಚಿನ ತೂತಿನೊಳಗೆ. ನಿನಗೆ ಕಾಣುವುದು ಕತ್ತು ಮಾತ್ರ. ನನಗೆ ಅವನು ಬೆಳಿಗ್ಗೆಯಿಂದ ಸಂಜೆವರೆಗೆ ಕಾಣುತ್ತಾನೆ. ಶನಿವಾರ ನಿನ್ನ ಹತ್ತಿರ ಹೋಗಿ ಬಂದವನು ನನ್ನ ಮೆಟ್ಟಿಲನ್ನು ಹತ್ತಲು ಹೋಗಿ ಕಾಲು ಎತ್ತುವುದನ್ನೇ ಮರೆತವನ ಹಾಗೆ ಮುಗ್ಗರಿಸಿದ. ಮೂವತ್ತು ವರ್ಷದಿಂದ ಹತ್ತುವ ಮೆಟ್ಟಿಲು. ಮೊಣಕಾಲು ತರಚಿತು. "ಚಪ್ಪಲಿ ಜಾರ್ತು ಅಕ್ಕಾ," ಎಂದ. ಚಪ್ಪಲಿ ಹೊರಗೇ ಬಿಟ್ಟಿದ್ದ.

ಹೋಗಬೇಡ ಎಂದು ಅವನಿಗೇ ಹೇಳಿದೆ. ಕೂಗಾಡಿದೆ. "ನಿಮ್ಮ ಮೊಮ್ಮಗಳ ಮೇಲೆ ನಿಮಗೇ ನಂಬಿಕೆ ಇಲ್ವಾ ಅಕ್ಕಾ?" ಎಂದು ಕೇಳಿದ. ಏನು ಹೇಳಲಿ? ಅವಳು ಆ ಪಾಠದ ಹೊತ್ತಿನಲ್ಲಿ ಕೋಣೆಯಲ್ಲೇ ಇರಲಿಲ್ಲ, ನಾನಿದ್ದೆ ಎನ್ನಲೇ? ನನ್ನ ಬಾಯಿಗೆ ಬೀಗ ಹಾಕಿದ್ದು ನಿನ್ನ ಸರ್ಟಿಫಿಕೇಟು. ಎದುರು ಮನೆಯವಳ ಕೈಲಿ ನಿನಗೆ ಫೋನು ಮಾಡಿಸಿದೆ. ಯಂತ್ರ ಉತ್ತರ ಕೊಟ್ಟಿತಂತೆ. ಯಂತ್ರಕ್ಕೆ ಅವಳ ಬಾಯಿಂದ ಇದನ್ನೆಲ್ಲ ಹೇಳಿಸಿದರೆ ಸಂಜೆಯೊಳಗೆ ಬೀದಿಗೇ ಗೊತ್ತಾಗುತ್ತಿತ್ತು. "ಅಜ್ಜಿಗೆ ಬರೆಯಬೇಕಂತೆ" ಎಂದಷ್ಟೇ ಹೇಳಿಸಿ ಇಡಿಸಿದೆ.

ಆ ಪಾಠ ಇನ್ನೂ ನಿನ್ನ ಕಂಪ್ಯೂಟರಿನಲ್ಲಿ ಇದ್ದರೆ, ಮೂರನೇ ಮಧ್ಯಾಹ್ನದ್ದನ್ನು ಹಾಕು. ಒಂದು ಗಂಟೆ ಕೂರು. ನನಗೋಸ್ಕರ ಬೇಡ, ನಿನ್ನ ಕೈಗೋಸ್ಕರ.

ಅಜ್ಜಿ

ಏಪ್ರಿಲ್ 4, ಶನಿವಾರ ಬೆಳಿಗ್ಗೆ
(ದರ್ಜಿಯ ಕೈಯಲ್ಲಿ)

ಲಟಿಕೆ,

ಹತ್ತು ದಿನ ಕಾದೆ. ನೀನು ಬರೆಯಲಿಲ್ಲ. ಇವನು ಬಸ್ಸಿಗೆ ಹೊರಟು ನಿಂತಿದ್ದಾನೆ. ಈಗ ನಡೆಯುವಾಗ ಗೋಡೆ ಹಿಡಿಯುತ್ತಾನೆ. ಹಾಗೆ ಹಿಡಿದದ್ದು ಯಾರಿಗೂ ಕಾಣದಿರಲಿ ಎಂದು ಗೋಡೆಯ ಬಣ್ಣ ನೋಡುವವನ ಹಾಗೆ ನಟಿಸುತ್ತಾನೆ.

ತಡೆಯಲು ಆಗಲಿಲ್ಲ. ಅದಕ್ಕೇ ಕಾಗದವನ್ನು ಇವನ ಮೇಲೇ ಕಳಿಸುತ್ತಿದ್ದೇನೆ. "ಹೆಣ್ಣುಮಕ್ಕಳ ವಿಷಯ, ಬೆಂಚಿನ ಮೇಲೆ ಮಲಗೋಕೆ ಮುಂಚೆ ಕೊಡು, ಅವಳು ಓದಿ ಮುಗಿಸೋ ತನಕ ಮಲಗಬೇಡ," ಎಂದು ಆಣೆ ಹಾಕಿಸಿಕೊಂಡಿದ್ದೇನೆ. ಅಂಗಿಯ ಎಡಗಡೆಯ ಜೇಬಿಗೆ ನಾನೇ ಹಾಕಿ ಜೇಬಿನ ಗುಂಡಿಯನ್ನೂ ನಾನೇ ಹಾಕಿದ್ದೇನೆ.

ನೀನು ಇದನ್ನು ಓದುತ್ತಿದ್ದೀಯ ಎಂದರೆ ಅವನು ಆ ಗುಂಡಿಯನ್ನು ಬಿಚ್ಚಿದ್ದಾನೆ. ನೋಡಿದೆಯಾ? ಎಷ್ಟು ಹೊತ್ತು ಹಿಡಿಯಿತು? ಯಾವ ಬೆರಳು ಜಾರಿತು? ತಡೆಯಲಾರದೆ ನೀನೇ ಕೈ ಹಾಕಿ ತೆಗೆದುಕೊಂಡಿದ್ದರೆ, ಅದೇ ಉತ್ತರ.

ನೋಡದೆ ಬೇರೆಲ್ಲೋ ತಿರುಗಿಕೊಂಡಿದ್ದರೆ ಕಾಗದವನ್ನು ಮತ್ತೆ ಅವನ ಜೇಬಿಗೆ ಹಾಕು, ಮತ್ತೆ ಕೇಳು. ಎದುರಿಗೆ ಕೂತು ನೋಡು. ಆಮೇಲೆ ನಿನ್ನ ಕೈ ಏನು ಮಾಡಬೇಕೋ ಮಾಡಲಿ.

ಅಜ್ಜಿ

ಏಪ್ರಿಲ್ 6

ಲಟಿಕೆ,

ಶನಿವಾರ ಮೂರು ಗಂಟೆಯ ಬಸ್ಸಿಗೇ ವಾಪಸ್ಸು ಬಂದ. ನಾನು ಮೆಟ್ಟಿಲ ಮೇಲೇ ಕೂತಿದ್ದೆ. ಬೆಳಿಗ್ಗೆಯಿಂದ ಅಲ್ಲೇ ಇದ್ದೆ.

ಕೋಪದಿಂದ ಉರಿಯುತ್ತಿದ್ದ. "ಏನು ಬರೆದ್ರಿ ಅಕ್ಕಾ ಅದ್ರಲ್ಲಿ? ಓದಿದ್ಲು, ಮತ್ತೆ ನನ್ನ ಜೇಬಿಗೇ ಹಾಕಿದ್ಲು, ಮತ್ತೆ ಕೊಡಿ ಅಂದ್ಲು. ಹುಚ್ಚು ಹಿಡಿದಿದ್ಯಾ ಇವಳಿಗೆ ಅಂದ್ಕೊಂಡೆ. ನಾನು ತೆಗೀತಿದ್ರೆ ಮುಖ ಲೈನಿಂಗ್ ಬಟ್ಟೆ ಥರ ಬೆಳ್ಳಗಾಯ್ತು. ಬೆಂಚಿನ ಮೇಲೆ ಮಲಗಿಸ್ಲೇ ಇಲ್ಲ. ಮಂಡಿಗೆ ಸಣ್ಣ ಸುತ್ತಿಗೇಲಿ ಹೊಡೆದ್ಲು, ಕಾಲು ಕುದುರೆ ಥರ ಒದೀತು. ಗೆರೆ ಮೇಲೆ ನಡೀರಿ ಅಂದ್ಲು. ಕತ್ತು ಮುಟ್ಟಲಿಲ್ಲ. ದೊಡ್ಡಾಸ್ಪತ್ರೆಗೆ ಚೀಟಿ ಬರೆದು, ನನ್ನ ಕೈ ಹಿಡ್ಕೊಂಡು ಬಸ್ ಸ್ಟಾಪಿನ ತನಕ ಬಂದ್ಲು. ರಸ್ತೇಲಿ ಅಳ್ತಾ ಬಂದ್ಲು ಅಕ್ಕಾ. ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?"

ಅಷ್ಟನ್ನು ತುಟಿಯಲ್ಲಿ ಓದಿ, ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಬಿಸಿಲು ಜಾಸ್ತಿ ಎಂದೆ.

ನಾಳೆ ಅವನ ಮಗಳು ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳೆ. ಯಂತ್ರದೊಳಗೆ ಮಲಗಿಸಿ ಕತ್ತಿನ ಚಿತ್ರ ತೆಗೆಯುತ್ತಾರಂತೆ. ನೀನು ಹೇಗಿದ್ದೀಯೋ.

ಅಜ್ಜಿ

ಏಪ್ರಿಲ್ 29

ಮಗಳೇ,

ದರ್ಜಿಯ ಆಪರೇಷನ್ ಆಯಿತು. ಐದು ಗಂಟೆ. ಕತ್ತಿನ ಎರಡು ಮೂಳೆಯ ನಡುವೆ ನರದ ಹಗ್ಗ ಒತ್ತಿ ತೆಳ್ಳಗಾಗಿತ್ತಂತೆ. ಇನ್ನು ತಡ ಮಾಡಿದ್ದರೆ ಕೈಕಾಲು ಅವನ ಮಾತು ಕೇಳುತ್ತಿರಲಿಲ್ಲ ಎಂದು ದೊಡ್ಡ ಡಾಕ್ಟರು ಅವನ ಮಗಳಿಗೆ ಹೇಳಿದರು. ಎಷ್ಟು ಮರಳಿ ಬರುತ್ತದೆ ಎಂದು ಅವರಿಗೂ ಗೊತ್ತಿಲ್ಲ. ಒಂದು ವರ್ಷ ನೋಡಿ ಅಂದರು.

ನಾನೂ ಹೋಗಿದ್ದೆ. ಉದ್ದ ಕಾರಿಡಾರಿನ ಕೊನೆಯ ಬೆಂಚಿನಲ್ಲಿ ನೀನು ಕೂತಿದ್ದದ್ದನ್ನು ನೋಡಿದೆ. ನೀನೂ ನನ್ನನ್ನು ನೋಡಿದೆ. ಏಳಲಿಲ್ಲ. ನಾನೂ ಬರಲಿಲ್ಲ. ಮಂಡಿ ನೋವು ಎಂದುಕೊಂಡಿದ್ದೀಯೇನೋ. ಮಂಡಿ ನೋವಿರಲಿಲ್ಲ.

ಒಂದು ಪ್ರಶ್ನೆ ಇದೆ. ಮೂರು ಸಲ ತಿರುಗಿಸಿದ್ದರಿಂದ ಹೆಚ್ಚಾಯಿತೋ, ಇಲ್ಲಾ ತಾನೇ ಹೆಚ್ಚಾಗುತ್ತಿದ್ದದ್ದು ಹೆಚ್ಚಾಯಿತೋ ಎಂದು. ಡಾಕ್ಟರು ಎದುರಿಗೇ ನಿಂತಿದ್ದರು. ನಾನು ಸ್ಲೇಟು ಹಿಡಿದುಕೊಂಡಿದ್ದೆ. ಉತ್ತರ ಬರೆಯಲಿ ಎಂದು ಅವರ ಕೈಗೆ ಕೊಡಲಿಲ್ಲ.

ಊಟ ಮಾಡು. ಕಣ್ಣ ಕೆಳಗೆ ಕಪ್ಪಗಾಗಿತ್ತು.

ಅಜ್ಜಿ

ಜೂನ್ 8

ಲಟಿಕೆ,

ನಿನ್ನ ಒಂಬತ್ತು ಪುಟ ಬಂತು. ಐದು ಪದದವಳು ಒಂಬತ್ತು ಪುಟ ಬರೆದೆ. ಎಲ್ಲ ಯಂತ್ರದಲ್ಲಿ ಹೊಡೆದ ಅಕ್ಷರ, ಅದೊಂದು ನನಗೆ ಹಿಡಿಸಲಿಲ್ಲ.

ಬೋರ್ಡು ಇಳಿಸಿಬಿಡುತ್ತೇನೆ, ಇನ್ನು ಯಾರ ಬೆನ್ನೂ ಮುಟ್ಟುವುದಿಲ್ಲ ಎಂದು ಬರೆದಿದ್ದೀಯ. ಬಹಳ ಸುಲಭ. ಅದೂ ಪಕ್ಕದ ಕೋಣೆಗೆ ಹೋಗುವ ಇನ್ನೊಂದು ದಾರಿ. ಮಂಡಳಿಗೆ ನಿಜ ಹೇಳಲೇ, ಹೇಳಿದರೆ ಲೈಸೆನ್ಸು ಹೋಗುತ್ತದೇನೋ, ಹೇಳದಿದ್ದರೆ ಕೈ ನಡುಗುತ್ತದೆ ಎಂದು ಕೇಳಿದ್ದೀಯ. ನನ್ನನ್ನು ಕೇಳಿದ್ದಕ್ಕೆ ಹೇಳುತ್ತೇನೆ. ತಪ್ಪು ನಿನ್ನೊಬ್ಬಳದಲ್ಲ. "ಇದ್ದೀರಾ?" ಎಂದಾಗಲೆಲ್ಲ ಒತ್ತಿದ್ದು ಈ ಬೆರಳು. ಮೊಮ್ಮಗಳಿಗೆ ಸಹಾಯ ಮಾಡುತ್ತಿದ್ದೇನೆ ಎಂದು ಮೂರು ಮಧ್ಯಾಹ್ನ ಬೀಗಿಕೊಂಡು ಕೂತಿದ್ದೆ.

ಅದಕ್ಕೇ ಮಂಡಳಿಗೆ ನನ್ನ ಕಾಗದವನ್ನೂ ಬರೆದು ಇದರ ಜೊತೆಗೆ ಇಟ್ಟಿದ್ದೇನೆ. ಅಂಟಿಸಿಲ್ಲ, ಓದಿಕೋ. "ಮಾನ್ಯರೇ, ನಿಮ್ಮ ಹನ್ನೆರಡು ಗಂಟೆಯ ಪಾಠವನ್ನು ಪೂರ್ತಿ ಕೂತು ಓದಿದವಳು ನಾನು. ಪಾಠ ಬಹಳ ಚೆನ್ನಾಗಿತ್ತು, ಒಬ್ಬ ಮನುಷ್ಯನಿಗೆ ಉಪಯೋಗಕ್ಕೂ ಬಂತು. ಸರ್ಟಿಫಿಕೇಟಿನಲ್ಲಿ ಹೆಸರು ತಪ್ಪಾಗಿದೆ." ಇದನ್ನು ಒಂಟಿಯಾಗಿ ಕಳಿಸುವುದಿಲ್ಲ. ನಿನ್ನ ಕಾಗದ ಬರೆದರೆ ಒಂದೇ ಲಕೋಟೆಯಲ್ಲಿ ಎರಡೂ ಹೋಗಲಿ. ಅವರು ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಹೆದರಿಕೆ ನನಗೂ ಇದೆ.

ದರ್ಜಿ ಮನೆಗೆ ಬಂದು ಮೂರು ವಾರ. ಕತ್ತಿಗೆ ಗಟ್ಟಿ ಪಟ್ಟಿ ಹಾಕಿದ್ದಾರೆ, ತಲೆ ಆಡಿಸುವಂತಿಲ್ಲ. "ಹೌದು ಅಂತ ಹೇಳೋಕೂ ಇಡೀ ಮೈ ಬಗ್ಗಿಸ್ಬೇಕು ಅಕ್ಕಾ," ಅನ್ನುತ್ತಾನೆ. ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಗೆರೆ ಎಳೆಯುತ್ತಾನೆ. ಮೊದಲು ಗೆರೆ ಹೊಳೆಯ ಹಾಗೆ ಹರಿಯುತ್ತಿತ್ತು, ಈಗ ಸ್ವಲ್ಪ ನೆಟ್ಟಗಾಗಿದೆ. ಮುಷ್ಟಿ ಹದಿಮೂರಕ್ಕೆ ಬಂತು. ಸೂಜಿ ಇನ್ನೂ ಬಂದಿಲ್ಲ. ಬರುತ್ತದೋ ಇಲ್ಲವೋ ಎಂದು ಅವನು ಕೇಳುವುದಿಲ್ಲ, ನಾನು ಹೇಳುವುದಿಲ್ಲ. ದಾರ ನಾನೇ ಪೋಣಿಸಿ ಸಾಲಾಗಿ ಚುಚ್ಚಿಟ್ಟಿರುತ್ತೇನೆ.

ಮೊನ್ನೆ ಸ್ಲೇಟು ತೆಗೆದುಕೊಂಡ. ಬಹಳ ಹೊತ್ತು ಬರೆದ. ನೋಡಿದರೆ, "ಆ ಮುಷ್ಟಿ ಆಟ ಎಲ್ಲಿ ಕಲಿತ್ರಿ?" ಎಂದಿತ್ತು.

"ನಮ್ಮ ಲಟಿಕೆಯ ಪಾಠದಲ್ಲಿ ಬಂದಿತ್ತು," ಎಂದೆ. ಅದು ಸುಳ್ಳಲ್ಲ.

ಸ್ಲೇಟು ಒರೆಸಿ ಮತ್ತೆ ಬರೆದ. "ಎಷ್ಟು ಚೆನ್ನಾಗಿ ಓದಿದ್ದಾಳೆ. ಅಜ್ಜಿಗೂ ಕಲಿಸಿದ್ದಾಳೆ. ಅವಳಿಂದ ಉಳಿದೆ."

ಆ ಸ್ಲೇಟನ್ನು ಒರೆಸಿಲ್ಲ. ನನ್ನ ಕಿಟಕಿಯಲ್ಲಿ ಹಾಗೇ ಇಟ್ಟಿದ್ದೇನೆ. ಒರೆಸಬೇಕಾದವಳು ನೀನು, ಅವನ ಎದುರಿಗೆ ಕೂತು, ನಿಜ ಹೇಳಿದ ಮೇಲೆ. ಅವನು ಬೈದರೆ ಬೈಸಿಕೋ. ಸುಮ್ಮನಿದ್ದರೆ ಅದನ್ನೂ ತಡೆದುಕೋ.

ಅದಕ್ಕೆ ಮೊದಲು ಆ ಹನ್ನೆರಡು ಗಂಟೆ ಕೂರು. ಒಂದು ನಿಮಿಷ ಬಿಡದೆ. "ಇದ್ದೀರಾ?" ಎಂದು ಕೇಳಿದಾಗಲೆಲ್ಲ ನೀನೇ ಒತ್ತು. ಹಸಿರು ಕೋಟಿನ ಮೇಷ್ಟ್ರು ಮೂರನೇ ಮಧ್ಯಾಹ್ನ ಎರಡು ಸಲ ಹೇಳಿದ ಮಾತು ಯಾವುದು, ಅದನ್ನು ಹೇಳುವಾಗ ಕನ್ನಡಕ ತೆಗೆದು ಎಲ್ಲಿಟ್ಟ ಎಂದು ಬರೆದು ಕಳಿಸು. ನಾನು ಕೂತು ನೋಡಿದವಳು, ನನಗೆ ಗೊತ್ತು.

ಜುಲೈ ಹುಟ್ಟುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು. ಯಂತ್ರದ ಅಕ್ಷರ ಬೇಡ. ಪೆನ್ನು ಹಿಡಿದು ಬರೆ, ನಿನ್ನ ಕೈ ನಡುಗುವುದು ನಿಂತಿದೆಯೋ ಇಲ್ಲವೋ ನಾನು ನೋಡಬೇಕು.

ಇಲ್ಲೇ ಇದ್ದೇನೆ,
ನಿನ್ನ ಅಜ್ಜಿ